ಫೆರಾರಾದ ಗೋಡೆಯಲ್ಲಿ ಮೇಷದ ದ್ರೇಕ್ಕಾಣ

ಪ್ರಿಯ ಗೆಳೆಯಾ,

ಜರ್ಮನಿಯ ಕಲಾ ಇತಿಹಾಸಕಾರ ಆಬಿ ವಾರ್ಬರ್ಗ್ ಬಗ್ಗೆ ಕೇಳಿದ್ದೆಯಲ್ಲ. ನಿನಗೆ ಜ್ಯೋತಿಷ ಗೊತ್ತಿರುವುದರಿಂದ ಅವರನ್ನು ಒಂದು ಗೋಡೆಯ ಮೂಲಕ ಪರಿಚಯಿಸುವುದೇ ಸರಿ ಅನಿಸುತ್ತದೆ.

ಇಟಲಿಯ ಫೆರಾರಾದಲ್ಲಿ ಸ್ಕಿಫನೋಯಾ ಅಂತ ಒಂದು ಅರಮನೆ. 1470ರ ಹೊತ್ತಿಗೆ ಅದರ ದೊಡ್ಡ ಹಜಾರದಲ್ಲಿ ಹನ್ನೆರಡು ತಿಂಗಳುಗಳನ್ನು ಬಿಡಿಸಿದ್ದರು. ಮುಂದೆ ಯಾರೋ ಸುಣ್ಣ ಬಳಿದರು. ಹತ್ತೊಂಬತ್ತನೇ ಶತಮಾನದಲ್ಲಿ ಅದನ್ನು ಕೆರೆದಾಗ ಉಳಿದಿದ್ದು ಏಳೇ ತಿಂಗಳು. ಪ್ರತಿ ತಿಂಗಳಿಗೂ ಮೂರು ಪಟ್ಟಿ. ಮೇಲೆ ರಥವೇರಿದ ಗ್ರೀಕ್ ದೇವತೆ, ಕೆಳಗೆ ದೊರೆ ಬೋರ್ಸೋನ ಆಸ್ಥಾನ, ನಡುವೆ ರಾಶಿ ಮತ್ತು ಮೂರು ವಿಚಿತ್ರ ಆಕೃತಿಗಳು. ಆ ಮೂವರು ಯಾರೆಂಬುದೇ ಒಗಟಾಗಿತ್ತು.

ಮಾರ್ಚ್ ತಿಂಗಳ ಟಗರಿನ ಪಕ್ಕ ನೋಡು. ಕಪ್ಪು ಮೈಬಣ್ಣದ ಗಂಡಸು, ಹರಿದ ಬಿಳಿ ಬಟ್ಟೆ, ಸೊಂಟಕ್ಕೆ ಹಗ್ಗ, ಅದರ ತುದಿ ಕೈಯಲ್ಲಿ. ಆಮೇಲೆ ಒಂದೇ ಕಾಲು ಕಾಣುವ ಕೆಂಪು ಉಡುಪಿನ ಹೆಂಗಸು. ಮೂರನೆಯವನ ಒಂದು ಕೈಯಲ್ಲಿ ಬಳೆ, ಇನ್ನೊಂದರಲ್ಲಿ ಬಾಣ. ಬೈಬಲ್ಲಿನಲ್ಲೂ ಗ್ರೀಕ್ ಪುರಾಣದಲ್ಲೂ ಇಂಥವರಿಲ್ಲ.

ಫ್ರಾಂಜ್ ಬೋಲ್ ಎಂಬ ವಿದ್ವಾಂಸರು 1903ರಲ್ಲಿ ಬಾಗ್ದಾದಿನ ಜ್ಯೋತಿಷಿ ಅಬು ಮಅಶರನ ಒಂಬತ್ತನೇ ಶತಮಾನದ ಗ್ರಂಥಪಾಠವನ್ನು ಅಚ್ಚು ಹಾಕಿಸಿದ್ದರು. ಅದರಲ್ಲಿ ಗ್ರೀಕರು, ಪರ್ಷಿಯನ್ನರು, ಭಾರತೀಯರು ಹೇಳುವ ಆಕಾಶದ ಆಕೃತಿಗಳು ಬೇರೆಬೇರೆಯಾಗಿ ಇವೆ. ವಾರ್ಬರ್ಗ್ ಗೋಡೆಯನ್ನೂ ಪಾಠವನ್ನೂ ಸಾಲುಸಾಲಾಗಿ ಹೋಲಿಸಿದರು. ಭಾರತೀಯರದು ಎಂದು ಕೊಟ್ಟ ಸಾಲು ಗೋಡೆಗೆ ಕೂತಿತು. ಅದರ ಬೇರು ನಮ್ಮ ವರಾಹಮಿಹಿರನ ಜ್ಯೋತಿಷ ಗ್ರಂಥ ಬೃಹಜ್ಜಾತಕ! ರಾಶಿಯ ಮೂವತ್ತು ಭಾಗೆಯನ್ನು (ಡಿಗ್ರಿ) ಹತ್ತುಹತ್ತರಂತೆ ಒಡೆದರೆ ಮೂರು ದ್ರೇಕ್ಕಾಣ, ಒಟ್ಟು ಮೂವತ್ತಾರು; ಒಂದೊಂದಕ್ಕೂ ಒಂದು ರೂಪ. ಮೇಷದ ಮೊದಲನೆಯವನು ಸೊಂಟಕ್ಕೆ ಬಿಳಿ ಬಟ್ಟೆ ಸುತ್ತಿದ ಕಪ್ಪು ಪುರುಷ, ಕೆಂಗಣ್ಣಿನವನು, ಕೊಡಲಿ ಎತ್ತಿ ನಿಂತವನು.

ಕೊಡಲಿ ಎಲ್ಲಿ ಹೋಯಿತು ಅಂತ ನೀನು ಕೇಳೇ ಕೇಳುತ್ತೀಯ. ಅರಬ್ಬಿ ಪಾಠಕ್ಕೆ ಬರುವಷ್ಟರಲ್ಲೇ ಅದು ಬಿದ್ದುಹೋಗಿ, ಬಟ್ಟೆಯ ಮೇಲೆ ಕಟ್ಟಿದ ಹಗ್ಗ ಸೇರಿಕೊಂಡಿದೆ. ಎರಡನೆಯವಳಿಗೆ ವರಾಹಮಿಹಿರ ಕುದುರೆಯ ಮುಖವನ್ನೂ ಒಂಟಿ ಕಾಲನ್ನೂ ಹೇಳುತ್ತಾನೆ. ಫೆರಾರಾದಲ್ಲಿ ಕಾಲು ಉಳಿದಿದೆ, ಕುದುರೆಮುಖ ಮಾಯ. ಹೀಬ್ರೂ, ಫ್ರೆಂಚ್, ಲ್ಯಾಟಿನ್ ಎಂದು ಕೈಯಿಂದ ಕೈಗೆ ದಾಟುವಾಗ ಇಂಥ ಸಣ್ಣ ಗುರುತುಗಳೇ ಸಾಕ್ಷಿ ಹೇಳುತ್ತವೆ. ಹಾಗೆಂದು ಇದೆಲ್ಲ ನಮ್ಮದೇ ಎಂದು ಎದೆಯುಬ್ಬಿಸುವ ಹಾಗಿಲ್ಲ. ಆ ಎರಡನೇ ರೂಪವನ್ನು ಯವನರು, ಅಂದರೆ ಗ್ರೀಕರು, ಉಪದೇಶಿಸಿದ್ದೆಂದು ವರಾಹಮಿಹಿರನೇ ಬರೆದಿದ್ದಾನೆ. ವಾರ್ಬರ್ಗ್ ಕೂಡ ಆ ಕಪ್ಪು ಪುರುಷನ ಹಿಂದೆ ಗ್ರೀಕ್ ವೀರ ಪರ್ಸಿಯಸ್‌ನನ್ನು ಕಂಡರು. ಗ್ರೀಸಿನಿಂದ ಹೊರಟವನು ಭಾರತ, ಬಾಗ್ದಾದ್ ಸುತ್ತಿ ಇಟಲಿಗೆ ಬಂದು ನಿಂತಿದ್ದ. 1912ರಲ್ಲಿ ರೋಮ್‌ನ ಕಲಾ ಇತಿಹಾಸ ಸಮ್ಮೇಳನದಲ್ಲಿ ಅವರು ಇದನ್ನು ಮಂಡಿಸಿದರು. ಶೈಲಿ ನೋಡಿ ಕಲಾವಿದನ ಹೆಸರು ಹೇಳುವುದೇ ದೊಡ್ಡ ವಿದ್ಯೆಯಾಗಿದ್ದ ಕಾಲ ಅದು; ಅವರು ಚಿತ್ರದ ಅರ್ಥ ಹುಡುಕಿ ಹೊರಟಿದ್ದರು. ನನ್ನ ಮಟ್ಟಿಗೆ ಅವರ ಬರಹಗಳಲ್ಲಿ ಇದೇ ಎಲ್ಲಕ್ಕಿಂತ ಮಿಗಿಲು.

ಉಳಿದ ಬದುಕು ಚುಟುಕಾಗಿ. 1866ರಲ್ಲಿ ಹ್ಯಾಂಬರ್ಗ್‌ನ ಯಹೂದಿ ಬ್ಯಾಂಕರ್ ಮನೆತನದಲ್ಲಿ ಹಿರಿಯ ಮಗನಾಗಿ ಹುಟ್ಟಿದರು. ಹದಿಮೂರರಲ್ಲಿ ಬ್ಯಾಂಕನ್ನು ತಮ್ಮ ಮ್ಯಾಕ್ಸ್‌ಗೆ ಬಿಟ್ಟು, ಕೇಳಿದ ಪುಸ್ತಕವೆಲ್ಲ ಕೊಡಿಸಬೇಕೆಂದು ಮಾತು ತೆಗೆದುಕೊಂಡರೆಂದು ತಮ್ಮನೇ ನೆನೆಯುತ್ತಿದ್ದರು. ಇಟಲಿಯ ಚಿತ್ರಕಾರ ಬೊಟಿಚೆಲ್ಲಿಯ ಮೇಲೆ ಪ್ರಬಂಧ ಬರೆದು, ಫ್ಲಾರೆನ್ಸ್‌ನ ಹಳೇ ದಾಖಲೆಗಳಲ್ಲಿ ವರ್ಷಗಟ್ಟಲೆ ಮುಳುಗಿದರು. ಮೊದಲ ಮಹಾಯುದ್ಧದ ಕೊನೆಗೆ ಮನಸ್ಸು ಕುಸಿಯಿತು. ಸ್ವಿಟ್ಜರ್ಲೆಂಡಿನ ಕ್ರೊಯ್ಟ್ಸ್‌ಲಿಂಗನ್‌ನಲ್ಲಿ ಮನೋವೈದ್ಯ ಬಿನ್ಸ್‌ವಾಂಗರ್ ಅವರ ಆಸ್ಪತ್ರೆಯಲ್ಲಿದ್ದರು. 1923ರಲ್ಲಿ ಅಲ್ಲೇ, ಅಮೆರಿಕದ ಮೂಲನಿವಾಸಿಗಳ ಹಾವಿನ ಆಚರಣೆ ಕುರಿತು ಉಪನ್ಯಾಸ ಕೊಟ್ಟರು. ಮರುವರ್ಷ ಮನೆಗೆ ಬಂದರು. ಕೊನೆಯ ವರ್ಷಗಳಲ್ಲಿ ಕಪ್ಪು ಬಟ್ಟೆ ಹೊದಿಸಿದ ಹಲಗೆಗಳ ಮೇಲೆ ನೂರಾರು ಫೋಟೋ ಜೋಡಿಸುತ್ತ, ಚಿತ್ರಗಳಿಂದಲೇ ಒಂದು ಅಟ್ಲಾಸ್ ಕಟ್ಟುತ್ತಿದ್ದರು. ಅದು ಮುಗಿಯುವ ಮೊದಲೇ, 1929ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಅವರ ಗ್ರಂಥಾಲಯದಲ್ಲಿ ಪುಸ್ತಕಗಳು ಇರುವುದು ವಿಷಯದ ನೆರೆಹೊರೆ ನೋಡಿಕೊಂಡು. ಹುಡುಕಿ ಹೋದ ಪುಸ್ತಕಕ್ಕಿಂತ ಅದರ ಪಕ್ಕದ್ದೇ ಹೆಚ್ಚು ಕೆಲಸಕ್ಕೆ ಬರಬೇಕು ಎಂಬುದು ಅವರ ಲೆಕ್ಕ. ನಾಜಿಗಳು ಬಂದ ಮೇಲೆ, 1933ರ ಡಿಸೆಂಬರ್‌ನಲ್ಲಿ, ಅವರ ಸಹೋದ್ಯೋಗಿಗಳಾಗಿದ್ದ ಫ್ರಿಟ್ಜ್ ಸಾಕ್ಸ್ಲ್ ಮತ್ತು ಗೆರ್ಟ್ರೂಡ್ ಬಿಂಗ್ ಸುಮಾರು 60,000 ಪುಸ್ತಕಗಳನ್ನು ಹಡಗಿನಲ್ಲಿ ಲಂಡನ್‌ಗೆ ಸಾಗಿಸಿದರು. ಈಗ ಅವು ವೋಬರ್ನ್ ಸ್ಕ್ವೇರ್‌ನಲ್ಲಿವೆ. ಅಲ್ಲಿ ಜ್ಯೋತಿಷವನ್ನು ಧರ್ಮ, ವಿಜ್ಞಾನ, ತತ್ವಶಾಸ್ತ್ರಗಳಿರುವ ವಿಭಾಗದಲ್ಲೇ ಹುಡುಕು.

ನಿನ್ನ ಗೆಳೆಯ