ಸುಮ್ನೆ ಕೂರದ ಡಚೆಸ್

ಎಂ1 ಹೆದ್ದಾರಿಯಿಂದ ವೋಬರ್ನ್ ಕಡೆ ತಿರುಗದ ಕನ್ನಡ ಕುಟುಂಬ ಇಲ್ಲಿ ಇಂಗ್ಲೆಂಡಿನಲ್ಲಿ ಕಡಿಮೆ. ಸಫಾರಿಯಲ್ಲಿ ಮಕ್ಕಳಿಗೆ ಸಿಂಹ ತೋರಿಸಿ, ಚಿತ್ರಾನ್ನದ ಡಬ್ಬಿ ಖಾಲಿ ಮಾಡಿ ಮನೆಗೆ ಬರುತ್ತೇವೆ. ಪಕ್ಕದ ಆ ದೊಡ್ಡ ಬಂಗಲೆಯಲ್ಲಿ ಬಾಳಿದ ಮೇರಿ ರಸೆಲ್ ಬಗ್ಗೆ ಈ ಸಲ ನಾಲ್ಕು ಮಾತು.

ಮೇರಿಯ ಮದುವೆ ಆದದ್ದು ಭಾರತದಲ್ಲಿ! 1888ರಲ್ಲಿ, ಕಲ್ಕತ್ತದ ಹತ್ತಿರದ ಬ್ಯಾರಕ್‌ಪುರದಲ್ಲಿ. ಹುಡುಗಿ ಲಾಹೋರಿನ ಪಾದ್ರಿಯ ಮಗಳು. ಹುಡುಗ ಲಾರ್ಡ್ ಹರ್ಬ್ರಂಡ್ ರಸೆಲ್, ವೈಸ್‌ರಾಯ್ ಡಫರಿನ್ ಅವರ ಎಡಿಸಿ, ಅಂದರೆ ಆಪ್ತ ಸೇನಾ ಸಹಾಯಕ. ಡ್ಯೂಕ್ ಮನೆತನದ ಎರಡನೇ ಮಗ. 1893ರಲ್ಲಿ ಅಣ್ಣ ತೀರಿಕೊಂಡು ಪಟ್ಟ ಇವರಿಗೆ ಬಂತು. ಗಂಡ ಬೆಡ್‌ಫೋರ್ಡ್ ಡ್ಯೂಕ್, ಪಾದ್ರಿಯ ಮಗಳು ಡಚೆಸ್ ಆದರು.

ಡಚೆಸ್ ಅಂದ್ರೆ ಪಾರ್ಟಿ, ಒಡವೆ ಅಲ್ವಾ? ಈಕೆ ಬಂದೂಕು ಹಿಡಿದರೆ ಗುರಿ ತಪ್ಪುವುದು ಅಪರೂಪ. ಚಳಿಗಾಲದಲ್ಲಿ ಐಸ್ ಸ್ಕೇಟಿಂಗ್. ಹಕ್ಕಿ ನೋಡಲು ಹಡಗೇರಿ ಸ್ಕಾಟ್‌ಲೆಂಡಿನ ಆಚೆಯ ಫೇರ್ ದ್ವೀಪದವರೆಗೂ ಹೋಗುತ್ತಿದ್ದರು. ವೋಬರ್ನ್‌ನಲ್ಲಿ ಆಸ್ಪತ್ರೆ ಕಟ್ಟಿಸಿ, ಸ್ವತಃ ನರ್ಸ್ ಆಗಿ ದುಡಿದರು, ಎಕ್ಸ್‌ರೇ ತೆಗೆಯುವುದನ್ನೂ ಕಲಿತರು. ಹೆಂಗಸರಿಗೆ ಮತದ ಹಕ್ಕಿಲ್ಲದಿದ್ದರೆ ತೆರಿಗೆ ಯಾಕೆ ಕಟ್ಟಬೇಕು ಎಂದು ಕೇಳಿದವರ ಗುಂಪಿನಲ್ಲೂ ಇದ್ದರು.

ಗಂಡನ ಜೀವ ಜಿಂಕೆಗಳ ಮೇಲೆ. ಚೀನಾದಲ್ಲಿ ಅಳಿದುಹೋದ ಪೆರೆ ಡೇವಿಡ್ ಜಿಂಕೆ ಇಂದು ಉಳಿದಿರುವುದೇ ಅವರು ವೋಬರ್ನ್‌ನಲ್ಲಿ ಸಾಕಿದ್ದರಿಂದ. ಒಂದೇ ಮನೆ, ಇಬ್ಬರಿಗೂ ಬೇರೆ ಬೇರೆ ಲೋಕ. ಅದು ಸುಖದ ಸಂಸಾರವೇ? ನನಗಂತೂ ಅನುಮಾನ. ಆದರೆ ಹೆಂಡತಿ ಆಕಾಶಕ್ಕೇರಿದಾಗ ಕಾಲು ಹಿಡಿದು ಎಳೆಯಲಿಲ್ಲವಲ್ಲ, ಆ ಕಾಲಕ್ಕೆ ಅದೂ ಸಣ್ಣದಲ್ಲ.

ಹೌದು, ಆಕಾಶಕ್ಕೆ. ಕಿವಿ ಸರಿಯಾಗಿ ಕೇಳಿಸದು, ಒಳಗೆ ಸದಾ ಗುಂಯ್‌ಗುಡುವ ಸದ್ದು. ವಿಮಾನದಲ್ಲಿ ಅದು ಕೊಂಚ ತಣಿಯುತ್ತಿತ್ತು. ಅರವತ್ತು ದಾಟಿದ ಮೇಲೆ ಈ ಹುಚ್ಚು ಹತ್ತಿತು. 1929ರಲ್ಲಿ ಪೈಲಟ್ ಕ್ಯಾಪ್ಟನ್ ಬರ್ನಾರ್ಡ್ ಜೊತೆ ‘ಸ್ಪೈಡರ್’ ಎಂಬ ವಿಮಾನದಲ್ಲಿ ಇಂಗ್ಲೆಂಡಿನಿಂದ ಕರಾಚಿಗೆ ಹೋಗಿ ಬಂದರು, ಎಂಟೇ ದಿನದಲ್ಲಿ! ಮರುವರ್ಷ ಕೇಪ್‌ಟೌನ್. ಒಬ್ಬರೇ ವಿಮಾನ ಓಡಿಸಲು ಶುರು ಮಾಡಿದ್ದೂ 1930ರಲ್ಲೇ, 64ನೇ ವಯಸ್ಸಿನಲ್ಲಿ.

1937ರ ಮಾರ್ಚ್ 22ರಂದು, 71ರ ಮೇರಿ ಎಂದಿನಂತೆ ಒಬ್ಬರೇ ಹಾರಿದರು. ನೆರೆ ಬಂದಿದ್ದ ಬಯಲನ್ನು ಮೇಲಿಂದ ನೋಡಿ ಬರುವ ಯೋಚನೆ. ಹಿಮ ಸುರಿಯಿತು, ವಿಮಾನ ವಾಪಸ್ ಬರಲಿಲ್ಲ. ಆಮೇಲೆ ಅದರ ಚೂರುಗಳು ಪೂರ್ವ ಕರಾವಳಿಗೆ ತೇಲಿ ಬಂದವು. ಮೇರಿ ಸಿಗಲೇ ಇಲ್ಲ. ಬ್ಯಾರಕ್‌ಪುರದ ಮದುವೆಗೆ ಆಗ 49 ವರ್ಷ.