ಕಾಡು ಉಳಿಸಿದವರ ದನಿ ದಾಖಲಾಗಲಿ

ಮಾನ್ಯರೇ,

2024ರ ಫೆಬ್ರುವರಿಯಲ್ಲಿ ನಾಗರಹೊಳೆಯ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ, ಅದೇ ಡಿಸೆಂಬರ್‌ನಲ್ಲಿ ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡ, 2025ರ ನವೆಂಬರ್‌ನಲ್ಲಿ ಸಾಲುಮರದ ತಿಮ್ಮಕ್ಕ. ಎರಡು ವರ್ಷ ತುಂಬುವುದರೊಳಗೆ ಮೂವರೂ ಹೋದರು. ಅವರ ಬಗ್ಗೆ ಬಂದದ್ದನ್ನೆಲ್ಲ ಕತ್ತರಿಸಿ ಇಟ್ಟುಕೊಂಡಿದ್ದೇನೆ. ರಾಷ್ಟ್ರಪತಿ ಭವನ, ಬರಿಗಾಲು, 385 ಆಲದ ಮರ, ಎಲ್ಲ ಇವೆ. ತುಳಸಜ್ಜಿ ಬೀಜಕ್ಕೆ ಆರಿಸುವ ತಾಯಿಮರವನ್ನು ಏನು ನೋಡಿ ಗುರುತಿಸುತ್ತಿದ್ದರು, ಬೀಜ ಬಲಿತಿದೆ ಎಂದು ಹೇಗೆ ತಿಳಿಯುತ್ತಿದ್ದರು ಎಂಬುದು ನನ್ನ ಕಡತದಲ್ಲಿ ಎಲ್ಲೂ ಇಲ್ಲ. ಅವರು ಓದು ಬರಹ ಕಲಿತವರಲ್ಲ. ನರ್ಸರಿಯ ದಿನಗೂಲಿಯಲ್ಲಿ ಗಳಿಸಿದ ತಿಳಿವಳಿಕೆ ಬಾಯಲ್ಲೇ ಇತ್ತು, ಅದೂ ಅವರ ಹಾಲಕ್ಕಿ ಸಮುದಾಯದ ಕನ್ನಡದಲ್ಲಿ.

ಬೇರೆಯವರ ತಪ್ಪು ಎತ್ತುವ ಮೊದಲು ನನ್ನದನ್ನು ಹೇಳುತ್ತೇನೆ. 1983ರ ಸೆಪ್ಟೆಂಬರ್ 8ರಂದು ನಮ್ಮ ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಕಡಿತ ತಡೆಯಲು ಕಾಡಿಗೆ ಹೋಗಿ ಮರ ಅಪ್ಪಿಕೊಂಡರಲ್ಲ, ಆ ಅಪ್ಪಿಕೋ ಚಳವಳಿಯ 38 ದಿನಗಳಲ್ಲಿ ನನ್ನ ಅಪ್ಪಚ್ಚಿಯೂ (ಚಿಕ್ಕಪ್ಪ) ಎಷ್ಟೋ ಸಲ ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿಬಂದವರು. 2011ರ ಕೊನೆಕೊಯ್ಲಿನಲ್ಲಿ, ರಾತ್ರಿ ಅಡಕೆ ಸುಲಿಯುತ್ತ ಕೂತಿದ್ದಾಗ, ಅವರ ಮಾತನ್ನು ಮೊಬೈಲಿನಲ್ಲಿ ಹಿಡಿದೆ. ಎರಡು ತಾಸು. ಒಂದು ಮರ ಬೀಳುವಾಗ ಸುತ್ತಲಿನ ಎಷ್ಟು ಮರ ಮುರಿಯುತ್ತವೆ ಎಂದು ಎಣಿಸುತ್ತಿದ್ದರಂತೆ. ಉಂಬಳದ (ಜಿಗಣೆಯ) ಕಾಟವನ್ನೇ ಕಾಲು ತಾಸು ಹೇಳಿದರು. ಕೊಡಲಿ ಹಿಡಿದು ಬಂದ ಕೂಲಿಯವರಿಂದ ದೇವರ ಹೆಸರಿನಲ್ಲಿ ಆಣೆ ಮಾಡಿಸಿದ್ದನ್ನು ಹೇಳುವಾಗ ಮಾತ್ರ ದನಿ ತಗ್ಗಿತು. “ಅವ್ಕೂ ಹೊಟ್ಟೆ ಇದ್ದಲಾ, ತಮಾ” ಅಂದರು. ಚಳವಳಿಯ ಬಗ್ಗೆ ನಾನು ಕೇಳಿದ ಯಾವ ಭಾಷಣದಲ್ಲೂ ಈ ಮಾತು ಬಂದಿಲ್ಲ.

ಮರುವರ್ಷ ಮೊಬೈಲ್ ನೀರಿಗೆ ಬಿತ್ತು. ರಿಪೇರಿಯವನು ಚಾಲೂ ಮಾಡಿಕೊಟ್ಟ, ಒಳಗಿದ್ದದ್ದೆಲ್ಲ ಅಳಿಸಿಹೋಗಿತ್ತು. ಇನ್ನೊಮ್ಮೆ ಕೂರಿಸಿ ಕೇಳಿದರಾಯಿತು ಎಂದುಕೊಂಡೆ. ಅಪ್ಪಚ್ಚಿಗೆ ಮರೆವು ಶುರುವಾಯಿತು. ಈಗ ಅವರೂ ಇಲ್ಲ.

ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ 2019ರಿಂದ ಒಂದು ಪತ್ರಾಗಾರವಿದೆ; ಜೀವವಿಜ್ಞಾನಿಗಳ ಬದುಕನ್ನು ಅವರ ಬಾಯಿಂದಲೇ ಕೇಳಿ ಧ್ವನಿಮುದ್ರಿಸಿ ಅಲ್ಲಿ ಕಾಪಿಡುತ್ತಾರೆ. ಅದೇ ಕೆಲಸ ಕಾಡಿನ ವಾಚರ್, ಗಾರ್ಡು, ನರ್ಸರಿಯ ಹೆಂಗಸರಿಗೂ ಆಗಬೇಕು. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯ ಇದೆ, ಕಾರವಾರದಲ್ಲಿ ಆಕಾಶವಾಣಿ ಇದೆ. ಒಬ್ಬ ವಿದ್ಯಾರ್ಥಿಗೆ ಒಬ್ಬ ಹಿರಿಯರು ಎಂದು ಹಂಚಿಕೊಂಡರೂ ಸಾಕು. ಸಭೆಯ ವೇದಿಕೆಯಲ್ಲಿ ಬೇಡ. ಅವರು ದುಡಿದ ಜಾಗದಲ್ಲೇ ಕೂತು, ಎರಡು ಮೂರು ಸಲ ಹೋಗಿ ಕೇಳಲಿ. ಕೂಲಿ ಎಷ್ಟಿತ್ತು, ಯಾರು ಬೈದರು, ಯಾವ ಸಸಿ ಸತ್ತಿತು, ಯಾಕೆ ಸತ್ತಿತು. ಪ್ರಶಸ್ತಿ ಬಂದಾಗ ಹೇಗನ್ನಿಸಿತು ಎಂದು ಕೇಳುವವರು ಬೇಕಾದಷ್ಟಿದ್ದಾರೆ. ಅವರಾಡಿದ್ದನ್ನು ಪುಸ್ತಕದ ಕನ್ನಡಕ್ಕೆ ತಿದ್ದಬಾರದು. ಮರ ಕಡಿಯಲು ಗುರುತು ಹಾಕಿದ ಇಲಾಖೆಯವರನ್ನೂ, ಕೊಡಲಿ ಹಿಡಿದವರನ್ನೂ ಕೇಳಬೇಕು. ಇಲ್ಲದಿದ್ದರೆ ಅದು ಇನ್ನೊಂದು ಸನ್ಮಾನಪತ್ರ, ಅಷ್ಟೆ. ಮತ್ತೆ, ದಯವಿಟ್ಟು ಎರಡು ಕಡೆ ಪ್ರತಿ ಇಡಿ.

1983ರಲ್ಲಿ ಇಪ್ಪತ್ತರ ಹುಡುಗರಾಗಿದ್ದವರಿಗೂ ಈಗ ಅರವತ್ತು ದಾಟಿದೆ. ಆಗಲೇ ಸಂಸಾರಸ್ಥರಾಗಿದ್ದ ಹೆಂಗಸರಲ್ಲಿ ಕೆಲವರು ನಮ್ಮ ಸುತ್ತಮುತ್ತ ಇನ್ನೂ ಇದ್ದಾರೆ. ಕೊನೆಕೊಯ್ಲು ಮುಗಿದ ಮೇಲೆ ಅವರಿಗೆ ಪುರುಸೊತ್ತು. ಯಾರಾದರೂ ಬರುವುದಾದರೆ ಮನೆ ತೋರಿಸಲು ನಾನು ತಯಾರು, ಬೈಕ್ ಇದೆ.

– ನಿವೃತ್ತ ಶಿಕ್ಷಕ, ಶಿರಸಿ