ಅಪ್ಪನ ಕೊಳಲು ನಿಮ್ಮ ಕ್ಯಾಸೆಟ್ಟುಗಳಲ್ಲಿ

ಅಪ್ಪ ಹೋಗಿ ಇವತ್ತಿಗೆ ನಲವತ್ತೊಂದು ದಿನ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಬಂದವರಿಗೆಲ್ಲ ಒಂದೊಂದು ಫೋನ್ ಮಾಡೋಣ ಅಂತ ಅಮ್ಮ ಅಪ್ಪನ ಡೈರಿ ಹಿಡಿದು ಕೂತರು. ಅರ್ಧ ಗಂಟೆಯಲ್ಲಿ ಕೈಚೆಲ್ಲಿದರು. ಡೈರಿಯಲ್ಲಿ ಹೆಸರುಗಳೇ ಇಲ್ಲ. "ಹೆಬ್ಬಾಳು ಮರ್ಫಿ", "ಹಾಲಿನ ಬೂತ್ ಪಕ್ಕದ ಟೂ ಇನ್ ಒನ್", "ಮೇಷ್ಟ್ರ ಫಿಲಿಪ್ಸ್, ಡಯಲ್ ದಾರ ಕಿತ್ತಿದೆ" ಅಂತ ಪುಟಗಟ್ಟಲೆ ಇದೆ. ಅಪ್ಪನಿಗೆ ನೀವೆಲ್ಲ ರಿಪೇರಿಗೆ ತಂದ ನಿಮ್ಮ ನಿಮ್ಮ ಸೆಟ್ಟಿನ ಹೆಸರಿನಲ್ಲೇ ನೆನಪಿದ್ದಿರಿ. ಒಬ್ಬೊಬ್ಬರನ್ನೇ ಹುಡುಕಿ ಹೇಳೋದು ನಮ್ಮಿಂದ ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಮೈಸೂರಿನ ಶಿವರಾಂಪೇಟೆಯ ಒಂದು ಒಳರಸ್ತೆಯಲ್ಲಿ ಅಪ್ಪನ ರಿಪೇರಿ ಅಂಗಡಿ ಇತ್ತು. ಎಂಟಡಿಗೆ ಹತ್ತಡಿ ಜಾಗ. ರೇಡಿಯೋ, ಟೇಪ್ ರೆಕಾರ್ಡರ್, ಆಂಪ್ಲಿಫೈಯರ್, ಆಮೇಲೆ ಟಿವಿ. ಒಳಗೆ ಕಾಲಿಟ್ಟರೆ ರಾಳದ ಹೊಗೆಯ ವಾಸನೆ. ಗೋಡೆಗೆ ಒಂದು ಮೊಳೆ, ಮೊಳೆಗೆ ಒಂದು ಬಟ್ಟೆ ಚೀಲ, ಚೀಲದಲ್ಲಿ ಬಿದಿರಿನ ಕೊಳಲು. ನಲವತ್ತು ವರ್ಷಕ್ಕೂ ಜಾಸ್ತಿ ಅದು ಅಲ್ಲೇ ನೇತಾಡುತ್ತಿತ್ತು.

ಮೊದಲು ಕೊನೆಯ ಎರಡು ವರ್ಷದ ಋಣ ಹೇಳಿಬಿಡುತ್ತೇನೆ. ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಮೂರು ದಿನ ಡಯಾಲಿಸಿಸ್, ಪ್ರತಿ ಸಲ ನಾಲ್ಕು ಗಂಟೆ. ಅಲ್ಲಿನ ಸಿಸ್ಟರುಗಳಿಗೆ, ಟೆಕ್ನಿಷಿಯನ್ ಹುಡುಗರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ. ಸೂಜಿ ಚುಚ್ಚುವಾಗ ಅಪ್ಪ ಹೆದರುತ್ತಿದ್ದರು. ನೀವು ಅವರನ್ನು ಮಾತಿಗೆಳೆಯುತ್ತಿದ್ದಿರಿ, "ಅಂಕಲ್, ಈ ಅಲಾರಂ ಯಾವ ಸ್ವರ ಹೇಳಿ" ಅಂತ. ಅವರು ಹೇಳುವಷ್ಟರಲ್ಲಿ ಸೂಜಿ ಒಳಗಿರುತ್ತಿತ್ತು. ಬೆಳಗಿನ ಜಾವ ಐದಕ್ಕೆ ಗೇಟಿನ ಮುಂದೆ ಆಟೋ ತಂದು ನಿಲ್ಲಿಸುತ್ತಿದ್ದ ಅಣ್ಣ, ನೀವು ಎರಡು ವರ್ಷದಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಮಳೆಯ ದಿನ ಅಪ್ಪನನ್ನು ಎತ್ತಿಕೊಂಡೇ ಒಳಗೆ ಬಿಟ್ಟಿರಿ. ಪಕ್ಕದ ಮನೆಯ ಅಕ್ಕ, ಅಪ್ಪನಿಗೆ ಉಪ್ಪು ಕಡಿಮೆ ಹಾಕಿ ಬೇರೆಯಾಗಿ ಮಾಡುತ್ತಿದ್ದ ಸಾರನ್ನು ನಾವು ಮರೆಯುವುದಿಲ್ಲ.

ಇನ್ನು ಹೇಳಬೇಕಾದ ಮುಖ್ಯ ವಿಷಯ.

ಹನ್ನೊಂದನೇ ದಿನ ಮನೆ ತುಂಬ ಜನ ಇದ್ದಾಗ ಶ್ರೀರಂಗಪಟ್ಟಣದಿಂದ ಒಬ್ಬರು ಅಜ್ಜಿ ಬಂದರು. ಕೈಯಲ್ಲೊಂದು ಹಳೇ ಕ್ಯಾಸೆಟ್. "ಇದರಲ್ಲಿ ನಮ್ಮ ಮಗಳ ನಾಮಕರಣ ಇದೆ ಕಣಮ್ಮ. ಆದರೆ ಶುರುವಿನಲ್ಲಿ ನಿಮ್ಮ ಅಪ್ಪ ಇದ್ದಾರೆ" ಅಂದರು. ತಮ್ಮ ಅದನ್ನು ಪ್ಲೇಯರಿಗೆ ಹಾಕಿದ. ಸ್ವಲ್ಪ ಹೊತ್ತು ಬರೀ ಸರ್ ಅನ್ನುವ ಸದ್ದು. ಆಮೇಲೆ ಕೊಳಲು. ಮೋಹನ ರಾಗದ ಆರೋಹಣ, ಮೇಲಿನ ಷಡ್ಜದಲ್ಲಿ ಒಂದು ನಿಲುಗಡೆ, ಅವರೋಹಣದಲ್ಲಿ ಇಳಿದು ಬಂದು ಗಾಂಧಾರದ ಮೇಲೆ ಉದ್ದಕ್ಕೆ ಉಸಿರು. ಕೊನೆಗೆ ಅಪ್ಪನ ದನಿ: "ಸರಿಯಾಗಿದೆ, ತಗೊಂಡು ಹೋಗಬಹುದು." ಅಡುಗೆ ಮನೆಯಲ್ಲಿದ್ದ ಅಮ್ಮ ಓಡಿ ಬಂದರು. ಮಗ್ಗಿನ ನೀರು ಕೈಯಲ್ಲೇ ಇತ್ತು.

ನಮಗೆ ಆಮೇಲೆ ಹೊಳೆಯಿತು. ಟೇಪ್ ರೆಕಾರ್ಡರ್ ರಿಪೇರಿ ಆದ ಮೇಲೆ ರೆಕಾರ್ಡಿಂಗ್ ಸರಿಯಾಗಿದೆಯಾ ನೋಡಬೇಕಲ್ವಾ? ಗಿರಾಕಿಗಳು ಸೆಟ್ಟಿನ ಜೊತೆ ಒಂದು ಖಾಲಿ ಕ್ಯಾಸೆಟ್ ಕೊಟ್ಟು ಹೋಗುತ್ತಿದ್ದರು. ಎಲ್ಲರೂ "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಅನ್ನುವ ಕಡೆ ಅಪ್ಪ ಕೊಳಲು ನುಡಿಸುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಮಾತಿನಲ್ಲಿ ಸೆಟ್ಟಿನ ಕಾಯಿಲೆ ಮುಚ್ಚಿಹೋಗುತ್ತದೆ. ಟೇಪು ಸೆಕೆಂಡಿಗೆ ಐದು ಸೆಂಟಿಮೀಟರಿಗೂ ಕಡಿಮೆ ಓಡುತ್ತದೆ, 4.76 ಮಾತ್ರ. ಅದನ್ನು ಓಡಿಸುವ ಬೆಲ್ಟ್ ಒಂಚೂರು ಸಡಿಲವಾದರೂ ನೀಳವಾಗಿ ಹಿಡಿದ ಸ್ವರ ಅಲುಗಾಡುತ್ತದೆ. ಆ ಗಾಂಧಾರ ನೆಟ್ಟಗೆ ನಿಂತರೆ ಬೆಲ್ಟ್ ಸರಿ ಇದೆ ಅಂತ ಅರ್ಥ. ಮೇಲಿನ ಷಡ್ಜ ಮಂಕಾಗಿ ಕೇಳಿದರೆ ಟೇಪನ್ನು ಓದುವ ಹೆಡ್ಡಿಗೆ ಕೊಳೆ ಹಿಡಿದಿದೆ, ಒರೆಸಬೇಕು.

ಅಜ್ಜಿ ತಂದ ಕ್ಯಾಸೆಟ್ಟಿನ ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಆಮೇಲೆ ನೀವು ಒಬ್ಬೊಬ್ಬರೇ ಬರತೊಡಗಿದಿರಿ. ನಂಜನಗೂಡಿನಿಂದ, ಕೆ.ಆರ್. ನಗರದಿಂದ, ಸರಸ್ವತಿಪುರಂನಿಂದ. ಒಬ್ಬರು ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದು, ಕ್ಯಾಸೆಟ್ ಕೊಟ್ಟು, ಒಂದು ಲೋಟ ಕಾಫಿ ಕುಡಿದು ಹಾಗೇ ವಾಪಸ್ ಹೋದರು. ಈಗ ನಮ್ಮ ಹತ್ತಿರ ಹತ್ತೊಂಬತ್ತು ಕ್ಯಾಸೆಟ್ಟುಗಳಿವೆ. ಒಂದರಲ್ಲಿ ಹನ್ನೊಂದು ಸೆಕೆಂಡು, ಇನ್ನೊಂದರಲ್ಲಿ ಅರ್ಧ ನಿಮಿಷ. ಎಲ್ಲ ಸೇರಿಸಿದರೆ ಆರು ನಿಮಿಷ ಚಿಲ್ಲರೆ. ಅಪ್ಪ ಎಷ್ಟೋ ಜನರ ಹಾಡು, ಸೋಬಾನೆ, ಹರಿಕಥೆ ಉಳಿಯುವಂತೆ ಮಾಡಿದರು. ತಮ್ಮದು ಅಂತ ಒಂದು ಕ್ಯಾಸೆಟ್ಟೂ ಮಾಡಿಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ಅವರ ಕೊಳಲಿನ ಒಂದು ಸ್ವರವೂ ಇರಲಿಲ್ಲ. ಇವತ್ತು ಇದೆ ಅಂದರೆ ಅದು ನೀವು ಕೊಟ್ಟದ್ದು.

ಎಲ್ಲದರಲ್ಲೂ ಅಪ್ಪ ನುಡಿಸುವುದು ಅದೇ ಕೊಳಲು. ಆದರೂ ಒಂದು ಕ್ಯಾಸೆಟ್ಟಿನಲ್ಲಿ ಶ್ರುತಿ ಒಂಚೂರು ಏರಿದೆ, ಇನ್ನೊಂದರಲ್ಲಿ ಇಳಿದಿದೆ. ಒಂದೊಂದು ಸೆಟ್ಟಿನ ವೇಗ ಒಂದೊಂದು ಥರ ಇರುತ್ತಲ್ಲ. ತಮ್ಮ ಆ ಕೊಳಲನ್ನೇ ಎದುರಿಗಿಟ್ಟುಕೊಂಡು ಕೂತ. ಒಂದು ಸಲ ಊದುವುದು, ಪ್ಲೇಯರಿನ ಮೋಟಾರಿನ ಹಿಂದಿರುವ ತೂತಿನಲ್ಲಿ ಸಣ್ಣ ಸ್ಕ್ರೂಡ್ರೈವರ್ ಇಟ್ಟು ಕೂದಲೆಳೆಯಷ್ಟು ತಿರುಗಿಸುವುದು, ಮತ್ತೆ ಊದುವುದು. ಎರಡೂ ಒಂದಾದ ಮೇಲೇ ಕಂಪ್ಯೂಟರಿಗೆ ಇಳಿಸಿದ. ಮೂರು ರಾತ್ರಿ ಹಿಡಿಯಿತು. ಆ ಕೆಲಸವನ್ನು ಅವನಿಗೆ ಕಲಿಸಿದ್ದು ಅಪ್ಪನೇ.

ನನಗೆ ಕಲಿಸಿದ್ದು ಕೇಳುವುದನ್ನು. ಸೆಟ್ ಬಂದ ತಕ್ಷಣ ಅಪ್ಪ ಬಿಚ್ಚುತ್ತಿರಲಿಲ್ಲ. ಆನ್ ಮಾಡಿ, ವಾಲ್ಯೂಮ್ ಪೂರ್ತಿ ಇಳಿಸಿ, ಸುಮ್ನೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಅಲೆಯಾಡುತ್ತದೆ. ಅದು ಹಾಗೇ ಸ್ಪೀಕರಿಗೆ ನುಸುಳಿದರೆ ತಗ್ಗಿನ ಗುಂಯ್ ಸದ್ದು. ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿ ಬಂದರೆ 100 ಆಗುತ್ತದೆ, ಅಂದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ. ತಗ್ಗಿನದಾದರೆ ಅರ್ಥ್ ಬಿಟ್ಟಿರಬೇಕು ಅಥವಾ ಶೀಲ್ಡ್ ವೈರು ಕಿತ್ತಿರಬೇಕು. ಮೇಲಿನದಾದರೆ ಫಿಲ್ಟರ್ ಕಂಡೆನ್ಸರ್ ಒಣಗಿರಬೇಕು. ಆ 100 ಅನ್ನುವುದು ಐದು ಮನೆ ಶ್ರುತಿಯ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯನ್ನು ಷಡ್ಜ ಮಾಡಿಕೊಂಡ ಶ್ರುತಿಯ, ಮಂದ್ರ ಷಡ್ಜಕ್ಕೆ ಬಹಳ ಹತ್ತಿರ, ಒಂಚೂರು ಮೇಲೆ. ಅಮ್ಮ ಹಾಡುವುದು ಐದು ಮನೆಯಲ್ಲೇ. "ನಿಮ್ಮಮ್ಮನ ಶ್ರುತಿಯಲ್ಲಿ ಗುಂಯ್ ಅಂದರೆ ಕಂಡೆನ್ಸರ್ ನೋಡು" ಅಂತ ನನಗೆ ಎಂಟನೇ ಕ್ಲಾಸಿನಲ್ಲೇ ಹೇಳಿಕೊಟ್ಟಿದ್ದರು. ಇವತ್ತಿಗೂ ಯಾವುದಾದರೂ ಟ್ರಾನ್ಸ್‌ಫಾರ್ಮರ್ ಕೆಳಗೆ ನಡೆದು ಹೋಗುವಾಗ ನನಗೆ ಅಮ್ಮನ ತಂಬೂರಿ ನೆನಪಾಗುತ್ತದೆ.

ಅಮ್ಮ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಒಂದು ಕಣ್ಣು ಒಲೆಯ ಮೇಲೆ, ಒಂದು ಕೈ ತಂಬೂರಿಯ ಮೇಲೆ. ಅದನ್ನು ನೋಡಲಾಗದೆ ಅಪ್ಪ 555 ಅನ್ನುವ ಟೈಮರ್ ಐಸಿ ಹಾಕಿ ತಾವೇ ಒಂದು ಶ್ರುತಿ ಪೆಟ್ಟಿಗೆ ಮಾಡಿದರು. ಸೋಪಿನ ಡಬ್ಬಿಯಷ್ಟು ದೊಡ್ಡದು. ಆದರೆ ಬಿಸಿಯಾಗುತ್ತಾ ಹೋದ ಹಾಗೆ ಶ್ರುತಿ ಜಾರುತ್ತಿತ್ತು. ಅಮ್ಮ ಒಳಗಿನಿಂದಲೇ "ಇಳೀತು ನೋಡ್ರಿ" ಅನ್ನುವರು, ಅಪ್ಪ ಎದ್ದು ಹೋಗಿ ತಿರುಗಿಸುವರು. ವರ್ಷಗಳ ಮೇಲೆ ಬೆಂಗಳೂರಿನ ರಾಡೆಲ್ ಕಂಪನಿಯ ಪೆಟ್ಟಿಗೆ ತಂದರು. ಮೊದಲ ದಿನವೇ ಅದನ್ನು ಬಿಚ್ಚಿ, ಒಳಗೆಲ್ಲ ನೋಡಿ, ಮತ್ತೆ ಮುಚ್ಚಿ, "ಇದನ್ನು ಮಾಡಿದ ರಾಜ್ ನಾರಾಯಣ್ ಎಂಜಿನಿಯರ್, ಜೊತೆಗೆ ಕೊಳಲೂ ನುಡಿಸುತ್ತಾರೆ" ಅಂದರು. ಆ ದಿನ ಅವರ ಮುಖದಲ್ಲಿದ್ದ ಸಂತೋಷ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ತಾವು ಮಾಡಿದ ಸೋಪಿನ ಡಬ್ಬಿಯನ್ನು ಎಸೆಯೋಕೆ ಅಮ್ಮ ಬಿಡಲಿಲ್ಲ. ಅದು ದೇವರ ಕೋಣೆಯಲ್ಲಿದೆ.

ತಿಂಗಳಿಗೊಮ್ಮೆ ಬೆಳಗಿನ ಟ್ರೈನಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುತ್ತಿದ್ದರು, ಬಿಡಿಭಾಗ ತರೋಕೆ. ಅವರ ಅಂಗಿ ಜೇಬಿನಲ್ಲಿ ಸಿಕ್ಕ ಒಂದು ಚೀಟಿ ನನ್ನ ಹತ್ತಿರ ಇದೆ. "ಕಂಡೆನ್ಸರ್ 10 ಎಂಎಫ್‌ಡಿ 450 ವೋಲ್ಟ್, ನಾಲ್ಕು. ಪಿಂಚ್ ರೋಲರ್, ಆರು. ಲಾಗ್ ಟೇಬಲ್ ಪುಸ್ತಕ, ಒಂದು. ಮಗಳ ಹವಾಯಿ ಚಪ್ಪಲಿ, ಅಳತೆ ದಾರ ಪರ್ಸಿನಲ್ಲಿದೆ." ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳು ಪಕ್ಕದಲ್ಲೇ ಇದ್ದವು. ನನ್ನ ಪಿಯುಸಿ ಪುಸ್ತಕಗಳೆಲ್ಲ ಅಲ್ಲಿಂದಲೇ ಬಂದದ್ದು, ಕಂಡೆನ್ಸರಿನ ಜೊತೆ ಒಂದೇ ಚೀಲದಲ್ಲಿ. ಎಷ್ಟು ಹೊತ್ತಾದರೂ ರಾತ್ರಿ ಊಟಕ್ಕೆ ಮನೆಯಲ್ಲಿರುತ್ತಿದ್ದರು. ಅವರು ಬರುವ ತನಕ ನಾವು ಯಾರೂ ಉಣ್ಣುತ್ತಿರಲಿಲ್ಲ.

ಒಂಟಿಕೊಪ್ಪಲು ಎಂಟನೇ ಕ್ರಾಸಿನ ಗಣಪತಿ ಪೆಂಡಾಲಿನ ಗೆಳೆಯರಿಗೆ ವಿಶೇಷವಾಗಿ ಹೇಳಬೇಕು. ವರ್ಷಾ ವರ್ಷಾ ಅಲ್ಲಿ ಕಛೇರಿ ಕೇಳೋದು ಅಪ್ಪನಿಗೆ ಹಬ್ಬಕ್ಕಿಂತ ದೊಡ್ಡ ಹಬ್ಬ. ಮುಂದೆ ಕೂರಲು ಕರೆದರೂ ಹೋಗುತ್ತಿರಲಿಲ್ಲ. ರಸ್ತೆಯ ಕೊನೆಯಲ್ಲಿ, ದನಿ ಹೇಗೆ ಬರುತ್ತೆ ಅಂತ ಕೇಳುತ್ತಾ ನಿಲ್ಲುತ್ತಿದ್ದರು. ಹೋದ ವರ್ಷ ನಿಲ್ಲಲು ಆಗದಿದ್ದಾಗ ನೀವು ಅದೇ ಜಾಗದಲ್ಲಿ, ಅವರು ನಿಲ್ಲುತ್ತಿದ್ದ ಕಂಬದ ಪಕ್ಕ, ಕುರ್ಚಿ ಹಾಕಿಕೊಟ್ಟಿರಿ. ಹದಿಮೂರನೇ ದಿನ ಮನೆಗೆ ಬಂದು ಎರಡು ಗಂಟೆ ಹಾಡಿದಿರಿ. ಒಂದು ಪೈಸೆ ಮುಟ್ಟಲಿಲ್ಲ. ಅಮ್ಮ ಕೊನೆಯಲ್ಲಿ ತಾವೇ ದನಿಗೂಡಿಸಿದ್ದನ್ನು ನೀವೂ ನೋಡಿದಿರಿ. ಎರಡು ವರ್ಷದಿಂದ ಅವರು ಬಾಯಿ ತೆರೆದು ಹಾಡಿರಲಿಲ್ಲ.

ಈಗ ಒಂದು ಕೆಲಸದ ಮಾತು. ಅಂಗಡಿಯಲ್ಲಿ ನಲವತ್ತಕ್ಕೂ ಜಾಸ್ತಿ ಸೆಟ್ಟುಗಳು ಉಳಿದಿದ್ದವು. ಹೆಚ್ಚಿನವನ್ನು ನೀವೇ ಬಂದು ತಗೊಂಡು ಹೋಗಿದ್ದೀರಿ, ಕೂಲಿ ಬೇಡ ಅಂದರೂ ಕವರಿನಲ್ಲಿಟ್ಟು ಹೋದಿರಿ. ಇನ್ನು ಏಳು ಇವೆ. ಅವುಗಳಲ್ಲಿ ಒಂದು ಬುಷ್ ವಾಲ್ವ್ ರೇಡಿಯೋ, ಹಿಂದಿನ ಹಲಗೆ ಇಲ್ಲ. ಎರಡು ಪ್ಯಾನಸೋನಿಕ್. ಒಂದು ಕೆಂಪು ಟ್ರಾನ್ಸಿಸ್ಟರ್, ಹಿಡಿಗೆ ಹಳದಿ ದಾರ ಸುತ್ತಿದೆ. ಅದರ ಚೀಟಿಯಲ್ಲಿ "ಅಜ್ಜನದು, ಹುಷಾರು" ಅಂತ ಅಪ್ಪ ಬರೆದಿದ್ದಾರೆ. ನಿಮ್ಮದಾಗಿದ್ದರೆ ಬನ್ನಿ. ರಸೀದಿ ಬೇಡ. ತಮ್ಮ ಪ್ರತಿ ಭಾನುವಾರ ಬೆಳಗ್ಗೆ ಹತ್ತರಿಂದ ಒಂದರ ತನಕ ಅಂಗಡಿಯಲ್ಲೇ ಇರುತ್ತಾನೆ.

ಹಾಗೇ ಮನೆಯಲ್ಲಿ ಹಳೇ ಕ್ಯಾಸೆಟ್ ಇದ್ದರೆ ದಯವಿಟ್ಟು ಶುರುವಿನ ಅರ್ಧ ನಿಮಿಷ ಕೇಳಿ ನೋಡಿ. ತುಂಬಾ ವರ್ಷ ಸುಮ್ನೆ ಬಿದ್ದಿದ್ದ ಟೇಪಾದರೆ ನೇರವಾಗಿ ಪ್ಲೇ ಒತ್ತಬೇಡಿ. ಮೊದಲು ಕೊನೆಯ ತನಕ ಮುಂದಕ್ಕೆ ಸುತ್ತಿ, ಮತ್ತೆ ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಹಾಕಿ. ಅಪ್ಪ ಹಾಗೇ ಮಾಡುತ್ತಿದ್ದರು.